ಹನ್ನೆರಡು ಅಡಿ ದಾರಿ ಕೇಳಿದ ಮಾನಪ್ಪ

ಒಮ್ಮೆ ಮಾನಪ್ಪನಿಗೆ ವಿಷಮಜ್ವರ ಬಂತು. ಶಹಾಪುರದ ಡಾಕ್ಟರು ನಾಡಿ ನೋಡಿ, ಹದಿನೈದು ದಿನ ಮನೆಯಲ್ಲಿ ಮಲಗಬೇಕು ಅಂದರು. ಮಾನಪ್ಪ ಎರಡು ದಿನ ಅಂದ. ಡಾಕ್ಟರು ನಕ್ಕು, ಹೋಗಲಿ, ಹನ್ನೆರಡಾದರೂ ಮಲಗು ಮಾರಾಯ ಅಂದರು. ಇವನು ಮೂರು ಅಂದ. ಕೊನೆಗೆ ಏಳಕ್ಕೆ ನಿಂತಿತು. ಹೊರಗೆ ಬಂದವನು ಜ್ವರದ ಕಣ್ಣಿನಲ್ಲೇ ನನ್ನ ಕಡೆ ನೋಡಿ, "ಡಾಕ್ಟರ್ ಮನಷ್ಯಾ ಛಲೋ ಅದಾನ್ರಿ ಸಾವ್ಕಾರ್ರ, ಆದ್ರ ಯಾಪಾರ ಬರಂಗಿಲ್ಲ" ಅಂದ.

ಅವನನ್ನು ನಾನು ಬಲ್ಲದ್ದು ಇಪ್ಪತ್ತಾರು ವರ್ಷದಿಂದ. ನನ್ನದು ಶಹಾಪುರದಲ್ಲಿ ಕಾಳುಕಡಿಯ ಅಡತಿ ಅಂಗಡಿ. ತೊಗರಿ, ಹತ್ತಿ, ಕಾಲುವೆ ಬಂದ ಮೇಲೆ ಭತ್ತ. ಅವನದು ಅಲ್ಲಿಂದ ಎರಡು ಹರದಾರಿ ದೂರದ ಮುಳ್ಳಗೇರಿಯಲ್ಲಿ ಇನ್ನೂರು ಕುರಿಯ ಹಿಂಡು ಮತ್ತು ನಾಲ್ಕು ಎಕರೆ ಒಣಭೂಮಿ. ಕುರಿಗೆ ಹಾಕುವ ಹಿಂಡಿಯನ್ನು ನನ್ನಲ್ಲೇ ಒಯ್ಯುತ್ತಾನೆ. ಒಯ್ಯುವ ಮೊದಲು ಅರ್ಧ ತಾಸು ಬೇರೆ ಅಂಗಡಿಯ ಹಿಂಡಿಯನ್ನು ಹೊಗಳುತ್ತಾನೆ.

ಇದು ಅವನ ತಪ್ಪಲ್ಲ. ನಮ್ಮ ಕಡೆ ಕುರಿ ಸಂತೆಯಲ್ಲಿ ಯಾರೂ ಬಾಯಿಬಿಟ್ಟು ರೇಟು ಹೇಳುವುದಿಲ್ಲ. ಕೊಳ್ಳುವವನು ಮಾರುವವನು ಎದುರು ನಿಂತು, ಕೈ ಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ವ್ಯವಹಾರ ಮಾಡುತ್ತಾರೆ. ಹಿಡಿದ ಬೆರಳೇ ಲೆಕ್ಕ. ಮೊದಲು ಹಿಡಿಯುವ ಬೆರಳು ಎಂದೂ ಖರೆ ಲೆಕ್ಕದ್ದಲ್ಲ, ಅದು ಇಬ್ಬರಿಗೂ ಗೊತ್ತು. ಒಬ್ಬ ಇಳಿಯುತ್ತಾನೆ, ಒಬ್ಬ ಏರುತ್ತಾನೆ, ಮೇಲೆ ಮುಖಗಳು ಮಾತ್ರ ಮಳೆಯ ಸುದ್ದಿ ಮಾತಾಡುತ್ತಿರುತ್ತವೆ. ಮನಸ್ಸಿನ ಲೆಕ್ಕವನ್ನು ಮೊದಲ ಬಾರಿಗೇ ಹೇಳಿಬಿಟ್ಟವನನ್ನು ಸಂತೆಯಲ್ಲಿ ಹುಚ್ಚ ಅನ್ನುತ್ತಾರೆ. ಮಾನಪ್ಪ ಹನ್ನೊಂದನೆಯ ವಯಸ್ಸಿನಿಂದ ಆ ಟವೆಲ್ಲಿನ ಕೆಳಗೇ ಬೆಳೆದವನು. ಮನೆಯಲ್ಲಿ ನಾಲ್ಕು ರೊಟ್ಟಿ ಬೇಕಾದರೆ ಎಂಟು ಅನ್ನುತ್ತಿದ್ದ. ಹೆಂಡತಿ ಗುರುಲಿಂಗಮ್ಮ ನಾಲ್ಕೇ ತಟ್ಟುತ್ತಿದ್ದಳು. ಮೂವತ್ತು ವರ್ಷದ ಸಂಸಾರ ಹೀಗೇ ಸುಖವಾಗಿ ನಡೆದಿತ್ತು.

ಇಂಥ ಮನುಷ್ಯನ ಊರಿಗೆ ಸರ್ಕಾರದವರು ನಕ್ಷೆ ಹಿಡಿದುಕೊಂಡು ಬಂದರು.

ಯಾದಗಿರಿ ಬೇರೆ ಜಿಲ್ಲೆಯಾಗಿ ಎರಡು ವರ್ಷವಾಗಿತ್ತು. ಹೊಸ ಜಿಲ್ಲೆಗೆ ತೋರಿಸಲು ಏನಾದರೂ ಬೇಕಲ್ಲ. ಕಾಲುವೆಯ ದಂಡೆಗೆ ಹತ್ತಿದ ಮುಳ್ಳಗೇರಿಯ ಗಾಯರಾಣ, ಅಂದರೆ ಊರ ದನಕುರಿ ಮೇಯುವ ಹದಿನೆಂಟು ಎಕರೆ ಸರ್ಕಾರಿ ಜಮೀನು, ಯಾರದೋ ಕಣ್ಣಿಗೆ ಬಿತ್ತು. ಅಲ್ಲಿ 'ಉದ್ಯೋಗ ಮತ್ತು ವಿಹಾರ ಸಂಕೀರ್ಣ' ಆಗಬೇಕೆಂದು ಗೊತ್ತಾಯಿತು. ಅರ್ಧ ಜಾಗದಲ್ಲಿ ಕೆಲಸ: ಹೊಲಿಗೆಯ ಶೆಡ್ಡು, ತೊಗರಿ ಬೇಳೆಯ ಗಿರಣಿ, ಅಂಗಡಿಸಾಲು. ಇನ್ನರ್ಧದಲ್ಲಿ ಮೋಜು: ಕೆರೆಯಂಥ ಹೊಂಡ, ಅದರೊಳಗೆ ದೋಣಿ, ಸುತ್ತ ಹುಲ್ಲುಹಾಸು, ಒಂದು ಹೋಟೆಲ್ಲು. ಬೆಳಿಗ್ಗೆ ದುಡಿದವರು ಸಂಜೆ ದೋಣಿಯಲ್ಲಿ ಕೂಡಬೇಕು ಅನ್ನುವುದು ಲೆಕ್ಕಾಚಾರ.

ನನಗೂ ಅದರಲ್ಲಿ ಒಂದು ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅಂಗಡಿಸಾಲಿನ ಮೂಲೆಯ ಮಳಿಗೆಗೆ ಮೊದಲ ಅರ್ಜಿ ನನ್ನದೇ.

ಊರಿಗೂ ಯೋಜನೆ ಬೇಡವಾಗಿರಲಿಲ್ಲ. ಸುತ್ತಲೂ ಭತ್ತದ ಗದ್ದೆ ಎದ್ದಿದ್ದರೂ ಗದ್ದೆ ಯಾರದೋ, ನಾಟಿ ಹಚ್ಚುವ ಬೆನ್ನು ಮುಳ್ಳಗೇರಿಯ ಹೆಂಗಸರದು. ನೆರಳಲ್ಲಿ ಕೂತು ಹೊಲಿಯುವ ಕೆಲಸ ಅಂದರೆ ಅವರಿಗೆ ಹಬ್ಬ. ಗುರುಲಿಂಗಮ್ಮ ತನ್ನ ಸೊಸೆಯ ಹೆಸರು ಬರೆಸಿ ಬಂದಿದ್ದಳು. ಮಾನಪ್ಪನೂ ಹೂಂ ಅಂದಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ: ಗಾಯರಾಣದ ನಡುವೆ ಹಾದು ಕಾಲುವೆಗೆ ಇಳಿಯುವ ಕುರಿಯ ದಾರಿ.

ಅದರ ಬೆಲೆ ತಿಳಿಯಬೇಕಾದರೆ ನಮ್ಮ ಕಾಲುವೆ ನೋಡಬೇಕು. ಎರಡೂ ಬದಿಗೆ ಸಿಮೆಂಟು ಬಳಿದು ಇಳಿಜಾರು ಮಾಡಿದ್ದಾರೆ. ನೀರು ತೋಳಳತೆಯಲ್ಲಿ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಕಾಲುವೆಗೆ ನೀರು ಬಂದ ಮೂರನೆಯ ವರ್ಷ ಒಂದು ಮಧ್ಯಾಹ್ನ ಮಾನಪ್ಪನ ಮುಂದಾಳು ಟಗರು ಹಾಗೆ ಜಾರಿತು. ಕುರಿಗಳ ಬುದ್ಧಿ ಗೊತ್ತೇ ಇದೆ, ಹಿಂದೆಯೇ ಹದಿನಾಲ್ಕು ಕುರಿ ಇಳಿದವು. ಒಂದೂ ಹತ್ತಿ ಬರಲಿಲ್ಲ. ಊರಿನ ಹತ್ತಿರ ದನಕುರಿ ಇಳಿಯಲೆಂದು ಒರಟು ಕಲ್ಲು ಹಾಸಿದ ಜಾಗ ಒಂದೇ ಒಂದಿದೆ. ಅದು ಗಾಯರಾಣದ ತುದಿಗೆ. ಆವತ್ತಿನಿಂದ ಮಾನಪ್ಪ ತನ್ನ ಹಿಂಡನ್ನು ಬೇರೆಲ್ಲೂ ನೀರಿಗೆ ಇಳಿಸಿರಲಿಲ್ಲ.

ಎಷ್ಟು ಅಗಲ ಬೇಕು ಅನ್ನುವುದನ್ನೂ ಅವನು ಅಳೆದಿಟ್ಟಿದ್ದ. ಆರಡಿಯ ಕೋಲು ಎರಡು ಸಲ ಮಲಗಿಸಿ ನನಗೆ ತೋರಿಸಿದ. "ಊರಾಗ ಐದು ಹಿಂಡ ಅವ. ನೀರಿಗಿ ಹೋಗೂವು, ಕುಡದು ಬರೂವು, ಎರಡೂ ಹಾಯಬೇಕು. ಹನ್ನೆರಡು ಅಡಿ ಆದ್ರ ನಡೀತದ. ಅದಕ್ಕಿಂತ ಕಮ್ಮಿ ಆತಂದ್ರ ಒಂದರ ಮ್ಯಾಲ ಒಂದು ಹತ್ತತಾವ."

"ಹಂಗಾರ ಸಭಾದಾಗ ಹನ್ನೆರಡು ಕೇಳು."

ಮಾನಪ್ಪ ನನ್ನ ಮುಖವನ್ನೇ ನೋಡಿದ. ಸಂತೆಗೆ ಹೊಸದಾಗಿ ಬಂದವನನ್ನು ನೋಡುವ ನೋಟ ಅದು.

ಸಭೆ ಪಂಚಾಯ್ತಿಯ ಮುಂದೆ ನಡೆಯಿತು. ಯೋಜನೆಯ ಸಾಹೇಬರು ಮೈಸೂರು ಕಡೆಯವರು. ಮೂವತ್ತೆರಡು ಮೂವತ್ಮೂರರ ಪ್ರಾಯ, ಇಸ್ತ್ರಿ ಅಂಗಿ, ಎಲ್ಲರಿಗೂ ಬಹುವಚನ. ಗೋಡೆಗೆ ದೊಡ್ಡ ಫ್ಲೆಕ್ಸು ಕಟ್ಟಿಸಿದ್ದರು. ಅದರಲ್ಲಿ ನೀಲಿ ಹೊಂಡ, ಉಂಡೆ ಕಟ್ಟಿದಂಥ ಮರಗಳು, ಟೊಪ್ಪಿಗೆ ಹಾಕಿಕೊಂಡು ನಾಯಿ ಹಿಡಿದು ನಡೆಯುವ ಒಬ್ಬ ಬಿಳಿಯ ಹೆಂಗಸು. ಮುಳ್ಳಗೇರಿಯ ಮಂದಿ ಆ ಹೆಂಗಸನ್ನು ಬಹಳ ಹೊತ್ತು ನೋಡಿದರು.

ಮಾನಪ್ಪ ಫ್ಲೆಕ್ಸಿನ ಹತ್ತಿರ ಹೋಗಿ ಮೂಲೆಯಿಂದ ಮೂಲೆಗೆ ಕಣ್ಣಾಡಿಸಿದ.

"ಇದರಾಗ ಕುರಿ ಎಲ್ಲವ್ರಿ ಸಾಹೇಬ್ರ?"

"ಇದು ಮುಂದೆ ಹೇಗಿರುತ್ತೆ ಅಂತ ತೋರಿಸೋ ಚಿತ್ರ, ಯಜಮಾನ್ರೆ."

"ಹಂಗಂದ್ರ ಮುಂದ ನಾವು ನಾಯಿ ಹಿಡ್ಕೊಂಡು ತಿರಗಬೇಕೇನ್ರಿ?"

ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಒಳ್ಳೆಯ ಮನುಷ್ಯ. "ನಿಮ್ಮ ಬೇಡಿಕೆ ಏನಿದ್ರೂ ಮುಕ್ತವಾಗಿ ಹೇಳಿ, ಸಂಕೋಚ ಬೇಡ" ಅಂದರು. ಪಕ್ಕದಲ್ಲಿ ಪಂಚಾಯ್ತಿ ಗುಮಾಸ್ತ ಅಂಬ್ರಪ್ಪ ನಡಾವಳಿ ಪುಸ್ತಕ ತೆರೆದು ಪೆನ್ನು ಹಿಡಿದು ಕೂತಿದ್ದ.

ಮಾನಪ್ಪ ಗಂಟಲು ಸರಿಮಾಡಿಕೊಂಡು ಜೋರಾಗಿ ಅಂದ: "ನಮಗ ಈ ಯೋಜನೀನ ಬ್ಯಾಡ್ರಿ. ಗಾಯರಾಣ ಇದ್ದಂಗ ಇರ್ಲಿ. ಕಟ್ಟಬೇಕಂದ್ರ ಅಬ್ಬೆತುಮಕೂರ ಕಡಿ ಒಯ್ದು ಕಟ್ಟಿಕೋರಿ."

ನನಗೆ ನಗು ಬಂತು. ಇದು ಅವನ ಮೊದಲ ಬೆರಳು. ಇನ್ನು ಸಾಹೇಬರು ಅಷ್ಟಾಗಲ್ಲಪ್ಪಾ ಅನ್ನಬೇಕು, ಇವನು ಹಾಗಾದರೆ ಅರ್ಧ ಬಿಡ್ರಿ ಅನ್ನಬೇಕು, ಹಾಗೇ ಇಳಿಯುತ್ತ ಇಳಿಯುತ್ತ ಹನ್ನೆರಡು ಅಡಿಗೆ ಬಂದು ನಿಲ್ಲಬೇಕು. ಸಾಹೇಬರು ಅಂಬ್ರಪ್ಪನ ಕಡೆ ತಿರುಗಿ, "ಬರ್ಕೊಳ್ಳಿ, ಸಂಪೂರ್ಣ ವಿರೋಧ" ಅಂದು, "ಮುಂದಿನವರು ಯಾರು?" ಅಂದರು.

ಮಾನಪ್ಪ ಕದಲಲಿಲ್ಲ.

"ಸಾಹೇಬ್ರ, ನೀವೇನೂ ಅನ್ಲೇ ಇಲ್ಲಲ್ರಿ?"

"ಬರ್ಕೊಂಡಿದೀವಿ ಯಜಮಾನ್ರೆ."

"ಬರಕೊಳ್ಳೋದು ಆಮ್ಯಾಲಿಂದು. ಮೊದಲ ನೀವು ಒಂದು ಮಾತು ಅನ್ರಿ."

"ನಾವು ಅನ್ನೋದೇನೂ ಇಲ್ಲ. ನಿಮ್ಮ ಅಭಿಪ್ರಾಯ ಗೌರವಿಸ್ತೀವಿ."

ಇಂಥ ಉತ್ತರ ಮಾನಪ್ಪನಿಗೆ ಐವತ್ತೈದು ವರ್ಷದಲ್ಲಿ ಯಾರೂ ಕೊಟ್ಟಿರಲಿಲ್ಲ. ಪಂಚಾಯ್ತಿ ಪಕ್ಕದಲ್ಲಿ ಚಹಾ ಮಾರುವ ಹಜರಾಬೀ ಒಲೆಯ ಮುಂದಿನಿಂದಲೇ ಕೂಗಿದಳು: "ಮಾನಪ್ಪಣ್ಣ, ಕುಂದ್ರು ಬಾ. ಅವರಿಗಿ ನಿನ್ನ ಯಾಪಾರ ತಿಳಿಯಂಗಿಲ್ಲ. ಹಂಗೆ ನಿಂತ್ರ ನಿನ್ನೂ ಫ್ಲೆಕ್ಸಿನಾಗ ಬರದುಬಿಡ್ತಾರ!"

ಹತ್ತು ದಿನ ಅವನು ಮನೆಯಲ್ಲೇ ಕಾದ. ಸರ್ಕಾರ ತನ್ನ ಲೆಕ್ಕ ಹೇಳಿ ಕಳಿಸುತ್ತದೆ ಅಂತ. ಬಂದದ್ದು ಬೇರೆ ಸುದ್ದಿ: ಮುಳ್ಳಗೇರಿಯವರು ಒಪ್ಪುತ್ತಿಲ್ಲ, ಯೋಜನೆಯನ್ನು ಬಳಿಚಕ್ರದ ಕಡೆ ಒಯ್ಯುವ ವಿಚಾರ ಇದೆ. ಹೊಲಿಗೆಗೆ ಹೆಸರು ಬರೆಸಿದ ಹೆಂಗಸರು ಗುರುಲಿಂಗಮ್ಮನ ಮನೆ ಮುಂದೆ ಬಂದು ನಿಂತರು. ಅವರು ಬೈದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಗುರುಲಿಂಗಮ್ಮ ಒಳಗೆ ಬಂದು, "ಇವ್ರಿಗಿ ಎಂಟು ರೊಟ್ಟಿ ಅಂದ್ರ ನಾಕು ಅಂತ ನನಗ ಗೊತ್ತು, ಸರ್ಕಾರಕ್ಕ ಯಾರು ಹೇಳ್ಬೇಕು?" ಅಂತ ಗೋಡೆಗೆ ಕೇಳಿದಳಂತೆ. ಗೋಡೆಯ ಆ ಬದಿಗೆ ಮಾನಪ್ಪ ಇದ್ದ.

ಆಮೇಲೆ ಶುರುವಾಯಿತು ಯಾದಗಿರಿಯ ತಿರುಗಾಟ. ಮೊದಲ ಸಲ ಹೋದಾಗ ಸಾಹೇಬರು ಮೀಟಿಂಗಿನಲ್ಲಿ. ಎರಡನೆಯ ಸಲ ಬೆಂಗಳೂರಿನಲ್ಲಿ. ಮೂರನೆಯ ಸಲ ಸಿಕ್ಕರು. ಸಂಪೂರ್ಣ ವಿರೋಧ ಅಂತ ದಾಖಲಾದ ಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ, ಬದಲಾಯಿಸಬೇಕಾದರೆ ಬರೆದು ಕೊಡಿ, ಇಲ್ಲ ಊರಿನ ಮುಂದಿನ ಸಭೆಯಲ್ಲಿ ಹೇಳಿ ಅಂದರು. ಪ್ರತಿ ಸಲ ಬಸ್ಸು ಹತ್ತಲು ಮಾನಪ್ಪ ಹಿಂಡನ್ನು ತನ್ನ ಷಡ್ಡಕ ಅಯ್ಯಣ್ಣನ ಕೈಗೆ ಒಪ್ಪಿಸಬೇಕಿತ್ತು. ಅಯ್ಯಣ್ಣನೂ ಕುರಿಗಾರನೇ, ಎರಡು ಹಿಂಡು ಒಟ್ಟಿಗೆ ಕಾಯ್ದು ಅವನ ತಾಳ್ಮೆ ತೀರಿತ್ತು. "ನಿನ್ನ ಯೋಜನಿ ಮುಗಿಯೂದ್ರಾಗ ನನ್ನ ಕುರಿ ನಿನ್ನ ಕುರಿಗಿ ಬೀಗರಾಗ್ತಾವ" ಅಂದ.

ನಾಲ್ಕನೆಯ ಸಲ ನಾನೂ ಜೊತೆಗಿದ್ದೆ. ನನ್ನ ಮಳಿಗೆಯ ಅರ್ಜಿ ಎಲ್ಲಿಗೆ ಬಂತು ನೋಡಬೇಕಿತ್ತು. ಕಚೇರಿಯ ಪಡಸಾಲೆಯಲ್ಲಿ ಸಾಹೇಬರು ಯಾರೊಂದಿಗೋ ಮಾತಾಡುತ್ತ ನಿಂತಿದ್ದರು. ಮಾನಪ್ಪ ಸೀದಾ ಹೋದ. ಹೆಗಲ ಮೇಲಿನ ಟವೆಲ್ಲು ತೆಗೆದ. ನಾನು ಬೇಡ ಅನ್ನುವಷ್ಟರಲ್ಲಿ ಅದನ್ನು ಸಾಹೇಬರ ಬಲಗೈ ಮೇಲೆ ಹೊದಿಸಿ, ಕೆಳಗಿನಿಂದ ಅವರ ನಾಲ್ಕು ಬೆರಳು ಗಟ್ಟಿಯಾಗಿ ಹಿಡಿದ. ಮುಖ ಮಾತ್ರ ಬೇರೆ ಕಡೆ ತಿರುಗಿಸಿ, "ಈ ವರ್ಷ ಮಳಿ ತಡ ಆತ್ರಿ ಸಾಹೇಬ್ರ" ಅಂದ.

ಸಾಹೇಬರು ಹಾವು ತುಳಿದವರ ಹಾಗೆ ಹಾರಿದರು.

"ಏನ್ರೀ ಇದು? ಬಿಡ್ರೀ ಕೈ! ಲಂಚ ಕೊಡೋಕೆ ಬಂದಿದೀರಾ? ಎಲ್ಲರ ಎದುರಿಗೆ?"

ಜವಾನ ಓಡಿ ಬಂದ. ಟವೆಲ್ಲು ಕೊಡವಿದ. ನೆಲ ನೋಡಿದ. ಮಾನಪ್ಪನ ಅಂಗೈ ತಿರುವಿ ನೋಡಿದ. "ಏನೂ ಇಲ್ರಿ ಸರ್" ಅಂದ, "ಬರೇ ಕೈ ಅದ."

ನಾನು ಇಬ್ಬರ ನಡುವೆ ಹೋಗಿ ಸಮಾಧಾನ ಮಾಡಿ ಇವನನ್ನು ಹೊರಗೆ ಕರೆದುಕೊಂಡು ಬಂದೆ. ಬೇವಿನ ಗಿಡದ ಕೆಳಗೆ ಕೂತ ಮಾನಪ್ಪನ ಕಣ್ಣಿನಲ್ಲಿ ನೀರು ಬಂದಿತ್ತು, ಸಿಟ್ಟಿಗೆ.

"ಇಡೀ ಹದಿನೆಂಟು ಎಕರೆದಿಂದ ನಲವತ್ತು ಅಡಿಗಿ ಇಳದು ಬಂದೀನ್ರಿ. ಒಂದ್ ಬೆರಳಿಗಿ ಹತ್ತಡಿ. ಆ ಮನಷ್ಯಾ ಕೈನ ಕಿತಗೊಂಡ. ಹಂಗಾರ ಎಷ್ಟು ಕೊಡಬೇಕಂತ ಮಾಡ್ಯಾನ ಅವ?"

"ಅವರಿಗಿ ಬೆರಳ ಲೆಕ್ಕ ಗೊತ್ತಿಲ್ಲೋ ಮಾರಾಯ. ಅವರ ಕಡಿ ಬೇಕಾದ್ದನ್ನ ಬೇಕಾದಷ್ಟೇ ಬಾಯಿಲೆ ಹೇಳ್ತಾರ. ಮುಂದಿನ ಸಭಾ ಬರ್ತದಲ್ಲ, ಅಲ್ಲಿ ಎದ್ದು ನಿಂತು ಹನ್ನೆರಡು ಅಡಿ ಅನ್ನು. ಒಂದಡಿ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಅವನು ತಲೆಯ ಮೇಲೆ ಟವೆಲ್ಲು ಎಳೆದುಕೊಂಡ. ಎಲ್ಲರ ಮುಂದೆ ಅಂಗಿ ಬಿಚ್ಚು ಅಂದಿದ್ದರೆ ಇಷ್ಟು ನಾಚುತ್ತಿದ್ದನೋ ಇಲ್ಲವೋ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಒಳ್ಳೆಯದನ್ನೇ ಮಾಡಿದಂತಾಗುತ್ತಿತ್ತು. ಒಂದು ವಾರದ ಮೇಲೆ ಸಾಹೇಬರು ಗಾಯರಾಣ ಅಳೆಯಿಸಲು ಮುಳ್ಳಗೇರಿಗೆ ಬಂದರು. ಹಜರಾಬೀಯ ಚಹಾ ಕುಡಿಯುತ್ತ ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ವ್ಯವಹಾರಸ್ಥರು, ಹೇಳಿ. ಆ ಯಜಮಾನ್ರಿಗೆ ನಿಜವಾಗ್ಲೂ ಬೇಕಾಗಿರೋದು ಏನು? ಮೊದಲು ಯೋಜನೆನೇ ಬೇಡ ಅಂದ್ರು. ಆಮೇಲೆ ಕೈ ಹಿಡ್ಕೊಂಡ್ರು."

ಹನ್ನೆರಡು ಅಡಿ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ. ಒಬ್ಬನ ಟವೆಲ್ಲಿನ ಕೆಳಗಿನ ಲೆಕ್ಕವನ್ನು ಇನ್ನೊಬ್ಬ ಎದುರಿನವನಿಗೆ ಹೇಳುವುದು ನಮ್ಮ ಪೇಟೆಯಲ್ಲಿ ಹೇಸಿಗೆ ಕೆಲಸ. ಹಾಗೆ ಮಾಡಿದವನ ಅಂಗಡಿಗೆ ಮಂದಿ ಹತ್ತುವುದಿಲ್ಲ. ಸಾಹೇಬರನ್ನು ಸುಮ್ಮನೆ ಕಳಿಸುವಂತೆಯೂ ಇರಲಿಲ್ಲ, ಫೈಲು ಮುಂದೆ ಹೋಗಬೇಕು, ನನ್ನ ಮಳಿಗೆ ಅದರೊಳಗಿದೆ. ಆದ್ದರಿಂದ ಮಾನಪ್ಪನ ಹೆಸರು ಎತ್ತದೆ ಊರಿನ ಪದ್ಧತಿ ಹೇಳಿದೆ. ಟವೆಲ್ಲಿನ ವ್ಯವಹಾರ ಬಿಡಿಸಿ ತಿಳಿಸಿದೆ. "ನಮ್ಮ ಕಡಿ ಮಂದಿ ಎಷ್ಟು ಕೇಳಿದ್ರೂ ಅದರ ಅರ್ಧಕ್ಕ ಒಪ್ತಾರ್ರಿ ಸಾಹೇಬ್ರ. ಅರ್ಧ ಕೊಟ್ರ ಖುಷಿಲೆ ಹೋಗ್ತಾರ" ಅಂದೆ.

ಸಾಹೇಬರಿಗೆ ಬಹಳ ಸಂತೋಷವಾಯಿತು. ಹೊಸ ಊರಿನ ಗುಟ್ಟು ಸಿಕ್ಕ ಸಂತೋಷ. ಎರಡನೆಯ ಚಹಾ ಅವರೇ ಕುಡಿಸಿದರು. ಹಜರಾಬೀ ಗ್ಲಾಸು ತೊಳೆಯುತ್ತ ನನ್ನನ್ನು ಒಂದು ಥರಾ ನೋಡಿದಳು. ಆಗ ಅದು ನನ್ನ ತಲೆಗೆ ಹತ್ತಲಿಲ್ಲ.

ಎರಡನೆಯ ಸಭೆಗೆ ಊರೆಲ್ಲ ಬಂದಿತ್ತು. ಈ ಸಲ ಹೆಂಗಸರು ಮುಂದಿನ ಸಾಲಿನಲ್ಲಿ, ಯಾರಾದರೂ ವಿರೋಧ ಅಂದರೆ ಅಲ್ಲೇ ನೋಡಿಕೊಳ್ಳುವ ಹಾಗೆ ಕೂತಿದ್ದರು. ಗುರುಲಿಂಗಮ್ಮ ಹಿಂದಿನಿಂದ ಗಂಡನನ್ನು ದಬ್ಬಿದಳು. "ಇದ್ದದ್ದು ಇದ್ದಂಗ ಅಂದುಬಿಡ್ರಿ."

ಮಾನಪ್ಪ ಎದ್ದ. ಟವೆಲ್ಲು ಹೆಗಲ ಮೇಲೆ ಇರಲಿಲ್ಲ, ಮನೆಯಲ್ಲೇ ಇಟ್ಟು ಬಂದಿದ್ದ. ಕೈ ಒಮ್ಮೆ ಹೆಗಲಿಗೆ ಹೋಗಿ ಇಳಿಯಿತು. ಆಮೇಲೆ ನೆಲ ನೋಡುತ್ತ ಹೇಳಿದ:

"ಯೋಜನಿ ಆಗ್ಲಿ. ನಮ್ದು ಅಡ್ಡಿ ಇಲ್ಲ. ಕುರಿ ನೀರಿಗಿ ಇಳಿಯಾಕ ದಾರಿ ಬಿಡ್ರಿ. ಹನ್ನೆರಡು ಅಡಿ."

ಊರವರು ಒಬ್ಬರ ಮುಖ ಒಬ್ಬರು ನೋಡಿದರು. ಮಾನಪ್ಪ ಒಂದೇ ಮಾತಿನಲ್ಲಿ ಒಂದು ಲೆಕ್ಕ ಹೇಳಿ ನಿಂತದ್ದನ್ನು ಅವರು ಎಂದೂ ಕಂಡಿರಲಿಲ್ಲ. ಅವನ ಕಿವಿ ಕೆಂಪಾಗಿದ್ದವು.

ಸಾಹೇಬರ ಮುಖ ಅರಳಿತು. ಟೇಬಲ್ಲಿನ ಮೇಲೆ ಮೊಣಕೈ ಊರಿ, ಪಕ್ಕಾ ಸಂತೆಯವರ ಹಾಗೆ ಒಂದು ಕಣ್ಣು ಕಿರಿದು ಮಾಡಿ, "ಆರು!" ಅಂದರು.

"ಏನ್ರಿ?"

"ಆರು ಅಡಿ. ಆಯ್ತಾ? ಈಗ್ಲೇ ಬರೆಸ್ತೀನಿ."

"ಇಲ್ರಿ ಸಾಹೇಬ್ರ. ಹನ್ನೆರಡಂದ್ರ ಹನ್ನೆರಡು."

"ಗೊತ್ತು ಗೊತ್ತು" ಸಾಹೇಬರು ಬೆರಳು ಆಡಿಸಿದರು. "ನಿಮ್ಮ ಟವೆಲ್ ಲೆಕ್ಕ ನಾನೂ ಕಲ್ತಿದೀನಿ ಯಜಮಾನ್ರೆ."

ಜನ ಹೋ ಎಂದು ನಕ್ಕರು. ಸಾಹೇಬರು ತಮ್ಮವರಾದರಲ್ಲ ಎಂದು ಹೆಂಗಸರು ಚಪ್ಪಾಳೆ ತಟ್ಟಿದರು. ಮಾನಪ್ಪ ಕೈ ಎತ್ತಿದ. "ಖರೇನ ಹನ್ನೆರಡು ಬೇಕ್ರಿ. ಕುರಿ ಮ್ಯಾಲ ಆಣಿ ಮಾಡಿ ಹೇಳ್ತೀನಿ" ಅಂದ. ಸಂತೆಯಲ್ಲಿ ಪ್ರತಿಯೊಬ್ಬ ಮಾರುವವನೂ ಹೀಗೇ ಆಣೆ ಮಾಡುತ್ತಾನೆ. ನಗು ಇನ್ನೂ ಜೋರಾಯಿತು. ಅಯ್ಯಣ್ಣ ಕೂಡ ನಕ್ಕ. ಆಮೇಲೆ ಅವನ ಹಿಂಡೂ ಅದೇ ದಾರಿಯಲ್ಲಿ ಸಿಕ್ಕಿತು, ಆ ಮಾತು ಬೇರೆ.

ನಗದೆ ಇದ್ದವಳು ಗುರುಲಿಂಗಮ್ಮ ಒಬ್ಬಳೇ. ಎಂಟು ಯಾವುದು, ನಾಲ್ಕು ಯಾವುದು ಅಂತ ತಿಳಿದವಳು ಅವಳು. ನನ್ನ ಕಡೆ ನೋಡಿದಳು. ನಾನು ಎದ್ದು, ಸಾಹೇಬ್ರ, ಈ ಸಲ ಇವನು ಹೇಳಿದ್ದೇ ಖರೆ ಅನ್ನಬಹುದಿತ್ತು. ಅಂದರೆ ಮತ್ತೆ ಅಳತೆ, ಮತ್ತೆ ನಕ್ಷೆ, ಮತ್ತೊಂದು ಸಭೆ. ಆವತ್ತೇ ಮಂಜೂರಾತಿಗೆ ಹೋಗಬೇಕಿದ್ದ ಕಾಗದದಲ್ಲಿ ಮೂಲೆಯ ಮಳಿಗೆಯ ಮುಂದೆ ನನ್ನ ಹೆಸರಿತ್ತು. ನಾನು ಚಪ್ಪಲಿ ಹುಡುಕಿಕೊಂಡೆ.

ಅಂಬ್ರಪ್ಪ ನಡಾವಳಿಯಲ್ಲಿ ಬರೆದ: ಕುರಿಗಾರರ ಬೇಡಿಕೆಯಂತೆ ಚರ್ಚಿಸಿ, ಆರು ಅಡಿ ದಾರಿ ಬಿಡಲು ಉಭಯತರೂ ಒಪ್ಪಿದ್ದಾರೆ. ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮಾನಪ್ಪನನ್ನು ಹುಡುಕಿದರೆ ಅವನು ಎದ್ದು ಹೋಗಿದ್ದ. 'ಹಾಜರಿದ್ದರು' ಅಂತ ಬರೆದು ಮುಗಿಸಿದ.

ನಮ್ಮಲ್ಲಿ ಯಾವ ಕಟ್ಟೋಣವಾದರೂ ಮೊದಲು ಏಳುವುದು ಕಂಪೌಂಡು. ನಾಲ್ಕು ತಿಂಗಳಲ್ಲಿ ಗೋಡೆ ಎದ್ದವು. ಹೊಂಡದ ಗೋಡೆಗೂ ಶೆಡ್ಡುಗಳ ಗೋಡೆಗೂ ನಡುವೆ ಆರಡಿಯ ಸಂದು, ಇನ್ನೂರು ಹೆಜ್ಜೆ ಉದ್ದ, ತುದಿಗೆ ಕಲ್ಲುಹಾಸಿನ ನೀರು. ಅಳತೆಯಲ್ಲಿ ಒಂದಿಂಚು ಮೋಸ ಇರಲಿಲ್ಲ.

ಮೊದಲ ದಿನವೇ ಅಯ್ಯಣ್ಣನ ಹಿಂಡು ಕುಡಿದು ಬರುತ್ತಿತ್ತು, ಮಾನಪ್ಪನ ಹಿಂಡು ನೀರಿನ ವಾಸನೆ ಹಿಡಿದು ನುಗ್ಗುತ್ತಿತ್ತು. ಸಂದಿನ ನಡುವೆ ಮುಖಾಮುಖಿಯಾದವು. ಕುರಿಗೆ ಹಿಂದಕ್ಕೆ ನಡೆಯಲು ಬರುವುದಿಲ್ಲ. ಹಿಂದಿನವು ದಬ್ಬಿದವು, ಮುಂದಿನವು ಒಂದರ ಮೇಲೊಂದು ಹತ್ತಿದವು. ಎರಡು ಗೋಡೆಯ ನಡುವೆ ನಾನೂರು ಕುರಿಯ ಕೂಗು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಗೌಂಡಿಗಳಿಗೆ ಕೇಳಿ ಅವರು ಏಣಿ ಇಟ್ಟು ಇಳಿದು ಬಂದರು. ಒಂದೊಂದನ್ನೇ ಎತ್ತಿ ಗೋಡೆಯ ಮೇಲಿನಿಂದ ದಾಟಿಸಲು ಮಧ್ಯಾಹ್ನವಾಯಿತು. ಮೂರು ಗಬ್ಬದ ಕುರಿ ಅಡಿಗೆ ಸಿಕ್ಕಿದ್ದವು. ಎರಡು ಅಲ್ಲೇ ಸತ್ತವು. ಇನ್ನೊಂದು ಸಂಜೆಗೆ ಮರಿ ಹಾಕಿತು, ಉಸಿರಿಲ್ಲದ್ದು.

ಐದು ಹಿಂಡಿಗೆ ಪಾಳಿ ಕಟ್ಟಿ ನೋಡಿದರು. ಬಿಸಿಲು ಏರಿದರೆ ಕುರಿ ಪಾಳಿ ಕೇಳುವುದಿಲ್ಲ. ಕೊನೆಗೆ ಮಾನಪ್ಪ ಆ ದಾರಿಯನ್ನೇ ಬಿಟ್ಟ. ಈಗ ಸುರಪುರ ರಸ್ತೆಯ ಸೇತುವೆ ಬಳಸಿ, ಲಾರಿಗಳ ನಡುವೆ ಹಿಂಡು ಹೊಡೆದುಕೊಂಡು, ಆಚೆ ದಂಡೆಯಲ್ಲಿ ದೂರ ಇರುವ ಇನ್ನೊಂದು ಕಲ್ಲುಹಾಸಿಗೆ ಹೋಗಿ ನೀರು ಕುಡಿಸುತ್ತಾನೆ. ಹೋಗಲು ಒಂದೂವರೆ ತಾಸು, ಬರಲು ಅಷ್ಟೇ. ಮೇಯುವ ಹೊತ್ತೆಲ್ಲ ನಡೆಯುವುದರಲ್ಲಿ ಹೋಗುತ್ತದೆ. ಹಿಂಡು ನೂರಾ ನಲವತ್ತಕ್ಕೆ ಇಳಿದಿದೆ.

ಸಂಕೀರ್ಣದಲ್ಲಿ ಹೊಲಿಗೆಯ ಶೆಡ್ಡು ಒಂದು ಶುರುವಾಗಿದೆ, ಹದಿನೆಂಟು ಹೆಂಗಸರು ಕೂಡುತ್ತಾರೆ, ಮಾನಪ್ಪನ ಸೊಸೆಯೂ ಇದ್ದಾಳೆ. ಗಿರಣಿಗೆ ಯಂತ್ರ ಬಂದಿಲ್ಲ. ಹೊಂಡಕ್ಕೆ ಕಾಲುವೆಯ ನೀರು ಬಿಡಲಾಗದು, ಅದು ಬೆಳೆಯ ನೀರು ಎಂದು ಮತ್ತೊಂದು ಕಚೇರಿಯವರು ಬರೆದಿದ್ದಾರೆ. ಕಾಲುವೆಯಿಂದ ಐವತ್ತು ಹೆಜ್ಜೆ ದೂರದ ಒಣ ಹೊಂಡದಲ್ಲಿ ಎರಡು ದೋಣಿ ಬೋರಲು ಬಿದ್ದಿವೆ. ನನ್ನ ಮಳಿಗೆ ಸಿಕ್ಕಿತು. ಗಿರಾಕಿ ಇಲ್ಲ, ಖಾಲಿ ಚೀಲ ತುಂಬಿದ್ದೇನೆ. ಸಾಹೇಬರಿಗೆ ವರ್ಗವಾಯಿತು. ಹೋಗುವಾಗ ಹಜರಾಬೀಯ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಈ ಊರಿನಲ್ಲಿ ತುಂಬಾ ಕಲಿತೆ ಅಂದರಂತೆ.

ಹೋದ ತಿಂಗಳು ಹೊಸ ಸಾಹೇಬರು ಬಂದರು. ಅಹವಾಲು ಏನಿದ್ದರೂ ಬರೆದು ಕೊಡಬೇಕೆಂದು ಡಂಗುರ ಸಾರಿಸಿದರು. ಮರುದಿನ ಮಾನಪ್ಪ ನನ್ನ ಅಂಗಡಿಗೆ ಬಂದ. ಹಿಂಡಿಯ ಮಾತು ಎತ್ತಲಿಲ್ಲ. ಗಾದಿಯ ತುದಿಗೆ ಕೂತು ಬಿಳಿ ಹಾಳೆ ಮುಂದಿಟ್ಟ.

"ಅರ್ಜಿ ಬರೀರಿ."

ತಲೆಬರಹ, ಊರು, ಸರ್ವೆ ನಂಬರು, ಒಣ ಹೊಂಡದ ಗೋಡೆ ಹಿಂದಕ್ಕೆ ಸರಿಸಿ ಕುರಿಯ ದಾರಿ ಅಗಲ ಮಾಡಬೇಕು ಅನ್ನುವುದು, ಎಲ್ಲ ಬರೆದೆ. ಪೆನ್ನು ನಿಂತಿತು. "ಎಷ್ಟು ಅಡಿ ಅಂತ ಹಾಕ್ಲಿ?"

"ಹನ್ನೆರಡು."

"ನೋಡು ಮಾನಪ್ಪ, ಇಪ್ಪತ್ನಾಕು ಅಂತ ಹಾಕೋಣು. ಈ ಸಾಹೇಬ ಅರ್ಧ ಮಾಡಿದ್ರೂ ಹನ್ನೆರಡು ಉಳೀತದ."

"ಮಾಡ್ಲಿಲ್ಲಂದ್ರ? ಇಪ್ಪತ್ನಾಕು ಆಗಂಗಿಲ್ಲ ಹೋಗು ಅಂತ ಪೂರಾ ವಿರೋಧದಾಗ ಬರದ್ರ?"

ಇಪ್ಪತ್ತಾರು ವರ್ಷ ಜನರ ಬೆರಳು ಓದಿ ಅನ್ನ ತಿಂದವನು ನಾನು. ಆ ಕುರ್ಚಿಯಲ್ಲಿ ಕೂತವನು ಯಾವ ಲೆಕ್ಕ ಕಲಿತು ಬಂದಿದ್ದಾನೆ ಅಂತ ಹೇಳಲು ನನಗೂ ಬರಲಿಲ್ಲ. ಪೆನ್ನು ಕೆಳಗಿಟ್ಟೆ. ಆಮೇಲೆ, ಇನ್ನು ಹೇಳದೆ ಇರಲಾಗದೆ, ಹೇಳಿದೆ.

"ಮಾನಪ್ಪ, ಆ ಸಾಹೇಬರಿಗಿ ಅರ್ಧ ಕೊಡ್ರಿ ಅಂತ ಹೇಳಿದಾವ ನಾನೇ."

"ಗೊತ್ತದ. ಹಜರಾಬೀ ಆವತ್ತ ಸಂಜೀಕೇ ಹೇಳ್ಯಾಳ."

"ಆವತ್ತೇ ಗೊತ್ತಿದ್ರ ಸಭಾದಾಗ ಹನ್ನೆರಡು ಯಾಕ ಅಂದಿ? ಇಪ್ಪತ್ನಾಕು ಅನಬಹುದಿತ್ತಲ್ಲ?"

ಮಾನಪ್ಪ ನನ್ನನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

"ನೀ ಎದ್ದು ನಿಂತು ಖರೆ ಹೇಳ್ತೀ ಅಂತ ತಿಳದಿದ್ದೆ."

ಇಪ್ಪತ್ತಾರು ವರ್ಷದಲ್ಲಿ ಅವನು ನನಗೆ ನೀ ಅಂದದ್ದು ಅದೇ ಮೊದಲು. ಕೋಲಿನ ತುದಿಯಿಂದ ಹಾಳೆಯನ್ನು ನನ್ನ ಕಡೆ ಸರಿಸಿದ.

"ಅಂಬ್ರಪ್ಪನ ಕೈಲೆ ಬರಸಬಹುದಿತ್ತು. ನಿನ್ನ ಕೈಲೇ ಬರಸಬೇಕಂತ ಬಂದೀನಿ. ಬರಿ, ಹನ್ನೆರಡು. ಅಂಕಿನಾಗೂ ಬರಿ, ಅಕ್ಷರದಾಗೂ ಬರಿ. ಕೆಳಗ ನಿನ್ನ ಸಹಿನೂ ಹಾಕು, ಇದು ಖರೆ ಅಳತಿ, ನಾ ಬಲ್ಲೆ ಅಂತ."

ಬರೆದೆ. ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆ. ಸಹಿ ಹಾಕುವಾಗ ಮಳಿಗೆಯ ನೆನಪು ಬಂತು. ಹೊಸ ಸಾಹೇಬರ ಮುಂದೆ ಅದರ ನವೀಕರಣದ ಅರ್ಜಿಯೂ ಇದೆ. ಆದರೂ ಹಾಕಿದೆ. ಮಾನಪ್ಪ ಹೆಬ್ಬೆಟ್ಟು ಒತ್ತಿ, ಮಸಿಯನ್ನು ನನ್ನ ಗಾದಿಯ ಅಂಚಿಗೇ ಒರೆಸಿ, ಹಾಳೆ ಮಡಚಿ ಎದೆಯ ಕಿಸೆಗೆ ಇಟ್ಟುಕೊಂಡ.

ಅರ್ಜಿ ಕೊಟ್ಟು ಇಪ್ಪತ್ತೊಂದು ದಿನವಾಯಿತು. ಎರಡು ಸಲ ವಿಚಾರಿಸಿದ್ದೇವೆ. ಪರಿಶೀಲನೆಯಲ್ಲಿದೆ ಅನ್ನುತ್ತಾರೆ. ನಿನ್ನೆ ಜವಾನ ನನ್ನನ್ನು ಪಕ್ಕಕ್ಕೆ ಕರೆದು, ಒಂಬತ್ತಕ್ಕೆ ಒಪ್ಪುತ್ತಾನೇನು ಕೇಳಿ ನೋಡ್ರಿ, ಸಾಹೇಬ್ರು ಒಂಬತ್ತರ ಮಟ್ಟಿಗೆ ಮನಸು ಮಾಡ್ಯಾರ ಅಂದ. ಮಾನಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ. ನಾನು ಅವನನ್ನು ಕೇಳಲಿಲ್ಲ. ಹನ್ನೆರಡು ಅಂದೆ.